ಕಿಟ್ಟು ಮೇಷ್ಟ್ರ ಕಾರು, ಕಾಳಮ್ಮನ ಕೋಳಿಗೂಡು

ಮಡಿಕೇರಿಯ ನಮ್ಮ ಬೀದಿಯಲ್ಲಿ ವಾಹನಗಳಿಗೇನೂ ಕೊರತೆಯಿಲ್ಲ. ಆದರೆ ಬರೀ ‘ಕಾರು’ ಎಂದರೆ ಅದು ಕಿಟ್ಟು ಮೇಷ್ಟ್ರ ಕಾರು. ಮಿಕ್ಕವೆಲ್ಲ ಇಂಥವರ ಗಾಡಿ, ಅಂಥವರ ವ್ಯಾನು. ಶಾಲೆಯ ದಾಖಲೆಯಲ್ಲಿ ಕೃಷ್ಣಮೂರ್ತಿ ಎಂದಿರುವ ಕಿಟ್ಟು ಮೇಷ್ಟ್ರು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತಾರೆ. ಆ ಬಿಳಿ ಮಾರುತಿ ಅವರಿಗೆ ತಂದೆಯಿಂದ ಬಂದದ್ದು. ಹೊಯ್ಸಳರ ವಂಶಾವಳಿ ಹೇಳುವಾಗ ಅವರ ಮುಖದಲ್ಲಿ ಎಷ್ಟು ಗಾಂಭೀರ್ಯ ಇರುತ್ತಿತ್ತೋ, ಕಾರಿನ ಚರಿತ್ರೆ ಹೇಳುವಾಗಲೂ ಅಷ್ಟೇ ಇರುತ್ತಿತ್ತು. ಬೀದಿಯ ಅರ್ಧ ಮಕ್ಕಳು ಆಸ್ಪತ್ರೆಯಿಂದ ಮನೆಗೆ ಬಂದದ್ದು ಅದರಲ್ಲೇ. ಹೀಗಾಗಿ ಆ ಮಕ್ಕಳ ಮೇಲೆ ತಮಗೊಂದು ಹಕ್ಕಿದೆ ಎಂದೂ ಮೇಷ್ಟ್ರು ನಂಬಿದ್ದರು.

ಇಂಥ ಕಾರಿನ ಮೇಲೆ ಆನೆ ಕಾಲಿಟ್ಟಿತು.

ಪಾಲಿಬೆಟ್ಟದಲ್ಲಿ ಮೇಷ್ಟ್ರ ಹಳೆಯ ಸಹೋದ್ಯೋಗಿಯ ಮಗಳ ನಿಶ್ಚಿತಾರ್ಥವಿತ್ತು. ಊಟ ಮುಗಿಸಿ ಹೊರಟಾಗ ಮನೆಯವರು ಚೆನ್ನಾಗಿ ಹಣ್ಣಾದ ಎರಡು ಹಲಸನ್ನು ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿ, “ಒಂದು ಲೋಟ ಕಾಫಿ ಕುಡಿದು ಹೋಗಿ” ಎಂದರು. ಕಾಫಿ ಕುಡಿಯುವಷ್ಟರಲ್ಲಿ ತೋಟದ ಕಡೆಯಿಂದ ಕಾಡಾನೆಯೊಂದು ಹಲಸಿನ ವಾಸನೆ ಹಿಡಿದು ಬಂತು. ಕಾರಿನ ಬಾಗಿಲು ತೆರೆಯುವ ಕ್ರಮ ಅದಕ್ಕೆ ತಿಳಿದಿರಲಿಲ್ಲ. ಆದ್ದರಿಂದ ಮೇಲಿನಿಂದ ಪ್ರವೇಶ ಮಾಡಿತು. ಜನ ಪಟಾಕಿ ಹೊಡೆದು ಓಡಿಸುವ ಹೊತ್ತಿಗೆ ಹಣ್ಣೂ ಇರಲಿಲ್ಲ, ಕಾರಿನ ಮಾಡೂ ಇರಲಿಲ್ಲ. ಬಾಗಿಲುಗಳು ನಾಲ್ಕು ದಿಕ್ಕಿಗೆ ಮುಖ ಮಾಡಿದ್ದವು. ಮುಂಭಾಗದ ಇಂಜಿನ್ ಮಾತ್ರ ಹಾಗೇ ಇತ್ತು.

“ಅದ್ರಲ್ಲಿ ತಿನ್ನೋದಕ್ಕೆ ಏನೂ ಇಲ್ಲ ಅಂತ ಆನೆಗೂ ಗೊತ್ತಾಯ್ತು” ಎಂದರು ಮೇಷ್ಟ್ರ ಹೆಂಡತಿ ನರ್ಮದಾ.

ಕಾರನ್ನು ಲಾರಿಯ ಮೇಲೆ ಹಾಕಿ ಸುಂಟಿಕೊಪ್ಪದ ಮಾರಿಯ ವರ್ಕ್‌ಶಾಪಿಗೆ ತಂದರು. ಮಾರಿ ಕೆಟ್ಟ ಸುದ್ದಿ ಹೇಳದ ಮೆಕ್ಯಾನಿಕ್. ಅವನು ಕಾರನ್ನು ಒಂದು ಸುತ್ತು ಹಾಕಿ, ಬಾನೆಟ್ ಎತ್ತಿ, ಮುಚ್ಚಿ, ನಕ್ಕ.

“ಇಂಜಿನ್ ಸಿಂಹ ಇದ್ದ ಹಾಗೆ ಉಂಟು ಸಾರ್. ಬಾಡಿ ಮಾತ್ರ ಮುಗೀತು. ಇದೇ ಮಾಡಲ್‌ದು ಬಾಡಿ ಒಂದು ನನ್ ಹತ್ರ ಉಂಟು, ಅದರ ಇಂಜಿನ್ ಹೋಗಿದೆ. ಇದನ್ನ ತೆಗೆದು ಅದಕ್ಕೆ ಕೂರಿಸಿದ್ರೆ ನಿಮ್ಮ ಕಾರು ನಿಮಗೆ.”

“ಅದು ನಮ್ಮ ಕಾರೇ ಆಗುತ್ತಾ?” ಎಂದು ಮೇಷ್ಟ್ರು ಕೇಳಿದರು.

“ಇಂಜಿನ್ ನಿಮ್ದು, ಸೀಟ್ ನಿಮ್ದು, ಟಯರ್ ನಿಮ್ದು, ನಂಬರ್ ಪ್ಲೇಟ್ ನಿಮ್ದು. ಮತ್ತೆ ಯಾರದು ಸಾರ್ ಆಗೋದು?”

ಈ ತರ್ಕದಲ್ಲಿ ಮೇಷ್ಟ್ರಿಗೆ ಯಾವ ದೋಷವೂ ಕಾಣಲಿಲ್ಲ. ಜಜ್ಜಿದ ಹಳೆ ಬಾಡಿಯನ್ನು ಏನು ಮಾಡುತ್ತೀಯ ಎಂದು ಕೇಳುವ ಧೈರ್ಯ ಮಾತ್ರ ಅವರಿಗೆ ಆಗಲಿಲ್ಲ. ಮನೆಯವರ ಬಗ್ಗೆ ಅಂಥದ್ದನ್ನು ಯಾರು ಕೇಳುತ್ತಾರೆ?

ಮಳೆಗಾಲ ತಗ್ಗುವ ಹೊತ್ತಿಗೆ ಕಾರು ಹೊಳೆಯುತ್ತಾ ಬೀದಿಗೆ ಬಂತು. ಪಕ್ಕದ ಮನೆಯ ದಿಗಂತ್ ಮತ್ತು ಅವನ ಹೆಂಡತಿ ಕವನಾ ಗೇಟಿನ ಹತ್ತಿರವೇ ನಿಂತಿದ್ದರು. ದಿಗಂತ್ ಬ್ಯಾಂಕಿನಲ್ಲಿ ಕೆಲಸ ಮಾಡುವವನು, ಏನನ್ನೂ ಎರಡು ಸಲ ನೋಡದೆ ಒಪ್ಪುವವನಲ್ಲ.

“ಮೇಷ್ಟ್ರೆ, ಆನೆ ತುಳಿದದ್ದು ಇದೇ ಕಾರಾ?”

ಬಾಡಿ ಬೇರೆಯದು ಎಂದು ಆಗಲೇ ಹೇಳಿಬಿಟ್ಟಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಸಾಯಂಕಾಲದ ಬಿಸಿಲು ಕಾರಿನ ಮೇಲೆ ಬಿದ್ದಿತ್ತು. ಎದುರು ಮನೆಯವರೂ ಹೊರಗೆ ಬಂದಿದ್ದರು.

“ಸಣ್ಣಪುಟ್ಟ ಡೆಂಟ್ ಆಗಿತ್ತು, ತೆಗೆಸಿದೆ. ಹಳೇ ಕಾಲದ ತಗಡು ನೋಡು. ಆನೆಗೇ ಕಾಲು ನೋವು ಬಂದಿರಬೇಕು” ಎಂದರು ಮೇಷ್ಟ್ರು.

ನರ್ಮದಾ ಒಳಗೆ ಹೋದರು. ಮೇಷ್ಟ್ರ ಮಾತು ಮಾತ್ರ ಬೀದಿ ದಾಟಿತು, ಮಾರ್ಕೆಟ್ ದಾಟಿತು, ಕೊನೆಗೆ ಸ್ಥಳೀಯ ಪತ್ರಿಕೆಯ ಮೂರನೆಯ ಪುಟಕ್ಕೆ ಬಂತು. ‘ಆನೆಗೆ ಅಂಜದ ಕಾರು’ ಎಂಬ ತಲೆಬರಹದ ಕೆಳಗೆ ಮೇಷ್ಟ್ರು ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತಿದ್ದರು. ಅದನ್ನು ಓದಿದ ಹಳೆ ವಾಹನಗಳ ಸಂಘದವರು ಮನೆಗೇ ಬಂದು, ರಾಜ್ಯೋತ್ಸವದ ದಿನ ನಡೆಯುವ ಮೆರವಣಿಗೆಯಲ್ಲಿ ಕಾರು ಮುಂದಿನ ಸಾಲಿನಲ್ಲಿ ಇರಬೇಕು ಎಂದು ಕೇಳಿಕೊಂಡರು. ಆ ಸಾಲಿನಲ್ಲಿ ಪ್ರತಿ ವರ್ಷ ನಿಲ್ಲುವುದು ದೊಡ್ಡ ಎಸ್ಟೇಟುಗಳ ಸಾಹುಕಾರರ ಜೀಪುಗಳು. ಶಾಲಾ ಮೇಷ್ಟ್ರೊಬ್ಬರ ಕಾರು ಅಲ್ಲಿ ನಿಂತದ್ದೇ ಇಲ್ಲ. ಅಂದಿನಿಂದ ಮೇಷ್ಟ್ರು ನಡೆಯುವ ರೀತಿಯೇ ಬದಲಾಯಿತು. ಅಂಗಡಿಯಲ್ಲಿ ಕೊತ್ತಂಬರಿ ಸೊಪ್ಪು ಕೇಳುವಾಗಲೂ ಎದೆ ಮುಂದಿರುತ್ತಿತ್ತು.

ಮೆರವಣಿಗೆಗೆ ಒಂದೇ ಷರತ್ತು: ಆರ್‌ಸಿ ಚಾಲ್ತಿಯಲ್ಲಿರಬೇಕು. ಮೇಷ್ಟ್ರ ಆರ್‌ಸಿಯ ಅವಧಿ ಆಗಷ್ಟೇ ಮುಗಿದಿತ್ತು. ಅವರು ಕಾರು ತೊಳೆದು, ಹೂವು ಸಿಕ್ಕಿಸಿ, ನವೀಕರಣಕ್ಕೆಂದು ಸಾರಿಗೆ ಕಚೇರಿಗೆ ಹೊರಟರು.

ವಾಹನ ಪರೀಕ್ಷೆ ಮಾಡುವ ಇನ್‌ಸ್ಪೆಕ್ಟರ್ ದೀಕ್ಷಿತಾ ಹೊಸಬಳು. ಮಾತು ಮೃದು, ಕೆಲಸ ಕಟ್ಟುನಿಟ್ಟು. “ಪೇಪರಲ್ಲಿ ಬಂದಿದ್ದ ಕಾರು ಇದೇ ಅಲ್ವಾ ಸರ್?” ಎಂದು ಅವಳು ಕೇಳಿದಾಗ ಮೇಷ್ಟ್ರು ಆನೆಯ ಕಥೆಯನ್ನು ಮೊದಲಿನಿಂದ ಹೇಳಿದರು. ಹೇಳುತ್ತಿರುವಾಗಲೇ ಅವಳು ಬಾನೆಟ್ ಎತ್ತಿ, ಇಂಜಿನ್ನಿನ ಹಿಂದಿನ ತಗಡಿನ ಗೋಡೆಯ ಮೇಲೆ ಒತ್ತಿದ್ದ ಚಾಸಿ ನಂಬರಿಗೆ ಕಾಗದ ಇಟ್ಟು ಪೆನ್ಸಿಲಿನಿಂದ ಉಜ್ಜಿದಳು. ಕಾಗದದ ಮೇಲೆ ಅಂಕಿಗಳು ಮೂಡಿದವು. ಆರ್‌ಸಿ ನೋಡಿದಳು. ಮತ್ತೆ ಉಜ್ಜಿದಳು.

“ಇಂಜಿನ್ ನಂಬರ್ ಸರಿ ಇದೆ. ಚಾಸಿ ನಂಬರ್ ಬೇರೆ ಇದೆಯಲ್ಲ ಸರ್.”

ಚಾಸಿ ನಂಬರು ಬಾಡಿಯ ಜೊತೆಯಲ್ಲೇ ಬಂದಿರುತ್ತದೆ ಎಂಬುದು ಮೇಷ್ಟ್ರಿಗೆ ಆ ಕ್ಷಣದಲ್ಲಿ ಹೊಳೆಯಿತು. ಆದರೆ ಆನೆಯ ಕಥೆ ಆಗಷ್ಟೇ ಮುಗಿದಿತ್ತು. ಸುತ್ತ ನಿಂತ ಡ್ರೈವರುಗಳು ಇನ್ನೂ ತಲೆದೂಗುತ್ತಿದ್ದರು.

“ಆನೆ ಭಾರ ಬಿದ್ದಾಗ ಅಂಕಿ ಸ್ವಲ್ಪ ಬದಲಾಗಿರಬಹುದು” ಎಂದರು.

ದೀಕ್ಷಿತಾ ಅವರನ್ನೇ ನೋಡಿದಳು. “ಮೂರು ಜಜ್ಜಿ ಎಂಟಾಯ್ತು ಅಂತ ಒಪ್ಕೊಳ್ಳೋಣ ಸರ್. ಒಂದು ಹೇಗೆ ಆರಾಗುತ್ತೆ?”

“ಆನೆ ಮತ್ತೆ ಮತ್ತೆ ತುಳಿದಿತ್ತು.”

ಡ್ರೈವರುಗಳಲ್ಲಿ ಒಬ್ಬ ಕೆಮ್ಮಿದ. ದೀಕ್ಷಿತಾ ಪೆನ್ಸಿಲನ್ನು ಜೇಬಿಗೆ ಸೇರಿಸಿ ನಿಧಾನವಾಗಿ ವಿವರಿಸಿದಳು. ಕಾನೂನಿನ ಕಣ್ಣಲ್ಲಿ ಚಾಸಿ ನಂಬರೇ ಕಾರು. ಈ ನಂಬರಿನ ಕಾರು ಬೇರೆ ಯಾರದೋ. ಅದರ ಮೇಲೆ ಮೇಷ್ಟ್ರ ನಂಬರ್ ಪ್ಲೇಟಿದೆ. ಕದ್ದ ಕಾರುಗಳಲ್ಲಿ ಹೀಗೇ ಮಾಡುತ್ತಾರೆ. ಸರಿಯಾದ ವಿವರಣೆ ಬರುವ ತನಕ ಕಾರು ಕಚೇರಿಯ ಅಂಗಳದಲ್ಲೇ ಇರಬೇಕು. ವಿವರಣೆ ಬಾರದಿದ್ದರೆ ಪೊಲೀಸರಿಗೆ ಬರೆಯಬೇಕಾಗುತ್ತದೆ.

ಮೇಷ್ಟ್ರು ಹೂವಿನ ಹಾರ ಮಾತ್ರ ಕೈಯಲ್ಲಿ ಹಿಡಿದುಕೊಂಡು ನಡೆದು ಮನೆಗೆ ಬಂದರು.

ನರ್ಮದಾ ಅದನ್ನು ನೋಡಿ, ನಡೆದದ್ದನ್ನು ಕೇಳಿ ತಿಳಿದ ಕೂಡಲೇ ಮಾರಿಗೆ ಫೋನ್ ಮಾಡಿದರು. ಅವರ ಅಡುಗೆಮನೆಯ ಕಿಟಕಿಗೂ ಕವನಾಳ ಬಟ್ಟೆ ಒಣಗುವ ಹಗ್ಗಕ್ಕೂ ಒಂದು ಕೈಯಳತೆಯ ಅಂತರ. ಕವನಾಳ ಕಿವಿಗೆ ಬಿದ್ದದ್ದು ಇಷ್ಟು:

“ಆ ಹಳೇ ಬಾಡಿ ಏನು ಮಾಡಿದ್ದಪ್ಪಾ ನೀನು? … ಶಿರಂಗಾಲದಲ್ಲಾ? … ಹಿತ್ತಲಲ್ಲಿ ಇಟ್ಟಿದ್ದಾರಾ? … ಪೊಲೀಸರಿಗೆ ಗೊತ್ತಾಗೋ ಮುಂಚೆ ನಾವೇ ಹೇಳಿಬಿಡೋದು ಒಳ್ಳೇದು.”

ಕವನಾ ಒದ್ದೆ ಸೀರೆಯನ್ನು ಬಕೆಟ್ಟಿನಲ್ಲೇ ಬಿಟ್ಟು ಒಳಗೆ ಹೋದಳು. ಸಂಜೆಯೊಳಗೆ ಬೀದಿಯವರೆಲ್ಲ ಕಿಟ್ಟು ಮೇಷ್ಟ್ರ ಮನೆಯ ಮುಂದೆ ಮೆಲ್ಲಗೆ ಮಾತಾಡಿಕೊಂಡು ಹೋಗತೊಡಗಿದರು. ಹಾಲಿನವನು ಹಾಲನ್ನು ಗೇಟಿನ ಹೊರಗೇ ಇಟ್ಟು ಹೋದ. ಕೊನೆಗೆ ದಿಗಂತ್ ಧೈರ್ಯ ಮಾಡಿ ಬಂದು ಜಗಲಿಯ ತುದಿಯಲ್ಲಿ ಕೂತ.

“ಮೇಷ್ಟ್ರೆ, ಎಷ್ಟೇ ಆದ್ರೂ ನೀವು ನನಗೆ ಕಲಿಸಿದೋರು. ಮೈಸೂರಲ್ಲಿ ನನಗೆ ಪರಿಚಯದ ಲಾಯರಿದ್ದಾರೆ. ಸತ್ತೋರು ಯಾರು ಅಂತ ನಾನು ಕೇಳೋದಿಲ್ಲ.”

“ಯಾರು ಸತ್ತದ್ದು?” ಎಂದು ಮೇಷ್ಟ್ರು ಗಾಬರಿಯಾದರು.

“ಶಿರಂಗಾಲದ ಹಿತ್ತಲಲ್ಲಿ ಇದ್ಯಲ್ಲ, ಆ ಬಾಡಿ…”

ನರ್ಮದಾ ಸೌಟು ಹಿಡಿದುಕೊಂಡೇ ಹೊರಗೆ ಬಂದರು. “ಅದು ಕಾರಿನ ಬಾಡಿ ದಿಗಂತ್. ಇವರ ಕಾರನ್ನ ಆನೆ ಅಪ್ಪಚ್ಚಿ ಮಾಡಿತ್ತು. ನೀವೆಲ್ಲ ಮುಟ್ಟಿ ಮುಟ್ಟಿ ನೋಡಿದ್ದು ಬೇರೆ ಬಾಡಿ. ಇವರ ಬಾಯಲ್ಲಿ ಆ ಮಾತು ಬರೋದಿಲ್ಲ, ಅದಕ್ಕೆ ನಾನು ಹೇಳ್ತಾ ಇದೀನಿ.”

ದಿಗಂತನ ಮುಖದಲ್ಲಿ ನಿರಾಳವೂ ನಿರಾಶೆಯೂ ಒಟ್ಟಿಗೆ ಕಂಡವು. ಮೇಷ್ಟ್ರಿಗೆ ಮಾತ್ರ ಕೊಲೆಗಾರ ಎನಿಸಿಕೊಂಡದ್ದಕ್ಕಿಂತ ಇದೇ ಹೆಚ್ಚು ನೋವಾದಂತಿತ್ತು.

ಮರುದಿನ ಗಂಡ ಹೆಂಡತಿ ಇಬ್ಬರೂ ಬಸ್ಸು ಹತ್ತಿ ಸುಂಟಿಕೊಪ್ಪಕ್ಕೆ ಹೋದರು. ಮಾರಿಗೆ ಸ್ವಲ್ಪವೂ ಚಿಂತೆಯಿರಲಿಲ್ಲ.

“ಇದಕ್ಕೆ ಯಾಕೆ ಸಾರ್ ಟೆನ್ಷನ್? ಆ ನಂಬರನ್ನ ಗ್ರೈಂಡ್ ಮಾಡಿ ನಿಮ್ದು ಪಂಚ್ ಹೊಡೆದುಬಿಡೋಣ. ಒಂದು ಪೂಜೆ ಮುಗಿಸೋವಷ್ಟು ಹೊತ್ತಿನ ಕೆಲಸ.”

ಆಗ ಕಿಟ್ಟು ಮೇಷ್ಟ್ರು ಎದ್ದು ನಿಂತರು. “ಮಾರಿ, ನಾನು ಮಕ್ಕಳಿಗೆ ಪೌರನೀತಿ ಹೇಳಿಕೊಡೋ ಮನುಷ್ಯ. ಜಂಬ ಕೊಚ್ಚಿದ್ದು ನಿಜ. ಕಳ್ಳ ನಂಬರು ಹೊಡೆಸೋದಿಲ್ಲ.” ನಂತರ, ಜಂಬ ಕೊಚ್ಚಿದೆ ಎಂದು ಹೆಂಡತಿಯ ಎದುರು ಒಪ್ಪಿಕೊಂಡದ್ದು ಅರಿವಾಗಿ ಕೂತುಬಿಟ್ಟರು. ಆದರೂ ಅದೇ ಬಿಸಿಯಲ್ಲಿ ಸಾರಿಗೆ ಕಚೇರಿಗೆ ಹೋಗಿ ದೀಕ್ಷಿತಾಳಿಗೆ ಎಲ್ಲವನ್ನೂ ಹೇಳಿದರು. ಆನೆ ಅಂಕಿಗಳನ್ನು ಮುಟ್ಟಿರಲಿಲ್ಲ ಎಂಬುದನ್ನೂ ಸೇರಿಸಿ.

“ಇದನ್ನ ಮೊದಲೇ ಹೇಳಿದ್ರೆ ಆಗ್ತಿತ್ತಲ್ಲ ಸರ್” ಎಂದಳು ಅವಳು. “ಈಗ ನಾನು ಎರಡೂ ಬಾಡಿ ನೋಡಬೇಕು. ನಾಳೆ ಶಿರಂಗಾಲಕ್ಕೆ ಹೋಗೋಣ.”

ಮಾರಿಗೆ ಆ ಬಾಡಿ ಕೊಟ್ಟವನು ಶಿರಂಗಾಲದ ನಾಗರಾಜು. ಅಜ್ಜನ ಕಾಲದಲ್ಲಿ ಹಾಸನದ ಕಡೆಯಿಂದ ಬಂದು ಅಲ್ಲಿ ನೆಲೆ ನಿಂತ ಮನೆತನ, ಶುಂಠಿ ಬೆಳೆಯುವವರು. ಅವನ ಕಾರಿನ ಇಂಜಿನ್ ಒಳಗೇ ಬಿಗಿದು ಸೀಜ್ ಆಗಿ ಗಾಡಿ ಹಿತ್ತಲಲ್ಲೇ ನಿಂತಿತ್ತು. ಅದನ್ನು ಮೊದಲೇ ಮಾರಿಗೆ ಕೊಟ್ಟು, ಆಮೇಲೆ ಬದಲಿಗೆ ಜಜ್ಜಿದ ಬಾಡಿಯನ್ನು ತಂದಿದ್ದ. ಅದು ಬೇಕೆಂದವಳು ಅವನ ತಾಯಿ ಕಾಳಮ್ಮ. ನರಿ ನುಗ್ಗದಂಥ ಕೋಳಿಗೂಡು ಮಾಡಬೇಕೆಂದು ಅವಳಿಗೆ ಬಹಳ ದಿನದ ಆಸೆ.

ಸರ್ಕಾರಿ ಜೀಪು ಹಿತ್ತಲಿಗೇ ಬಂದು ನಿಂತಾಗ ಕಾಳಮ್ಮ ಸೊಂಟಕ್ಕೆ ಕೈಯಿಟ್ಟು ಗೂಡಿನ ಮುಂದೆ ನಿಂತಳು. ಮೇಷ್ಟ್ರು ತಮ್ಮ ತಂದೆಯ ಕಾರನ್ನು ನೋಡಿದರು. ಮಾಡು ಹೋದ ಜಾಗದಲ್ಲಿ ಶೀಟು ಹೊದಿಸಿತ್ತು, ಕಿಟಕಿಗಳಿಗೆ ಜಾಲರಿ ಹೊಡೆದಿತ್ತು. ಸ್ಟೇರಿಂಗ್ ಇದ್ದ ಕಡೆ ಹುಂಜವೊಂದು ಡ್ರೈವರಿನ ಗತ್ತಿನಲ್ಲಿ ಕೂತಿತ್ತು. ಕಾರನ್ನು ಚೆನ್ನಾಗಿಯೇ ನೋಡಿಕೊಂಡಿದ್ದಾರೆ ಎಂದು ಅವರಿಗೆ ಅನ್ನಿಸಿತು.

ದೀಕ್ಷಿತಾ ನಾಗರಾಜುವಿಗೆ ವಿಷಯ ತಿಳಿಸಿದಳು. “ಕಾನೂನು ಪ್ರಕಾರ ಮಡಿಕೇರಿಯಲ್ಲಿ ಓಡಾಡ್ತಿರೋ ಕಾರು ನಿಮ್ದು. ಈ ಕೋಳಿಗೂಡು ಮೇಷ್ಟ್ರ ಕಾರು.”

ನಾಗರಾಜು ಗೂಡನ್ನೊಮ್ಮೆ, ಮೇಷ್ಟ್ರನ್ನೊಮ್ಮೆ ನೋಡಿದ. “ಅಂದ್ರೆ ಪೇಪರ್ನಾಗೆ ಬಂದಿದ್ದು ನಮ್ ಕಾರಾ ಮೇಡಂ?”

“ಫೋಟೋದಲ್ಲಿ ಇದ್ದದ್ದು ನಿಮ್ದೇ.”

“ಅವ್ವಾ, ಕೇಳಿದ್ಯಾ? ನಮ್ ಕಾರು ಪೇಪರ್ನಾಗೆ ಬಂದೈತಂತೆ.” ಅಷ್ಟು ಹೇಳಿ ಅವನು ಬೇಲಿಯ ಬಳಿ ಹೋಗಿ ಪಕ್ಕದ ಹೊಲದವರಿಗೂ ಹೇಳಿದ. ಕಾರು ಗುಜರಿಗೆ ಹೋಯಿತೆಂದು ನಕ್ಕವರೆಲ್ಲ ಬೇಲಿಯ ಆಚೆ ಬಂದು ನಿಂತರು.

ಈಗ ಗೂಡಿನ ಚಾಸಿ ನಂಬರು ನೋಡಬೇಕಿತ್ತು. ಇಂಜಿನ್ ತೆಗೆದ ಜಾಗದಲ್ಲಿ ಹುಲ್ಲು ಹಾಸಿ, ಅದರ ಮೇಲೆ ಕೆಂಪು ಕೋಳಿಯೊಂದು ರೆಕ್ಕೆ ಹರಡಿಕೊಂಡು ಕೂತಿತ್ತು. ನಂಬರು ಅದರ ಬೆನ್ನ ಹಿಂದೆಯೇ ಇತ್ತು.

“ಸ್ವಲ್ಪ ಆ ಕೋಳಿನ ಎತ್ತಿ ಅಮ್ಮ” ಎಂದಳು ದೀಕ್ಷಿತಾ.

“ಎತ್ತಂಗಿಲ್ಲ ಕಣವ್ವ. ಕಾವಿಗೆ ಕೂತೈತೆ. ಈಗ ಎಬ್ಬಿಸಿದ್ರೆ ಮೊಟ್ಟೆ ಎಲ್ಲಾ ಕೆಡ್ತವೆ.”

“ಸರ್ಕಾರಿ ಕೆಲಸ ಅಮ್ಮ ಇದು.”

“ಅದು ಮಾಡ್ತಾ ಇರೋದೂ ಕೆಲ್ಸನೇ.”

ದೀಕ್ಷಿತಾ ಕಾಗದ ಪೆನ್ಸಿಲು ಹಿಡಿದು ಮೆಲ್ಲಗೆ ಕೈ ಚಾಚಿದಳು. ಕೋಳಿ ಒಂದು ಸಲ ಕುಕ್ಕಿತು. ಅವಳು ಕೈ ಹಿಂದಕ್ಕೆ ತೆಗೆದು, ಬೆರಳು ನೋಡಿಕೊಂಡು, ಇಲಾಖೆಯ ಗೌರವಕ್ಕಾಗಿ ಮತ್ತೆ ಚಾಚಿದಳು. ಕೋಳಿ ಮತ್ತೆ ಕುಕ್ಕಿತು. ಕೊನೆಗೆ ಕಾಳಮ್ಮ ಕೋಳಿಯ ತಲೆಯ ಮೇಲೆ ಸೆರಗು ಮುಚ್ಚಿ ಹಿಡಿದುಕೊಂಡಳು, ನಾಗರಾಜು ಟಾರ್ಚು ಬಿಟ್ಟ, ಮೇಷ್ಟ್ರು ಮೊಣಕಾಲೂರಿ ಕಾಗದ ಒತ್ತಿ ಹಿಡಿದರು. ಹೀಗೆ ನಾಲ್ಕು ಜನ ಸೇರಿ ಪೆನ್ಸಿಲು ಉಜ್ಜಿದಾಗ ಅಂಕಿಗಳು ಒಂದೊಂದಾಗಿ ಮೂಡಿದವು. ಮೇಷ್ಟ್ರ ಆರ್‌ಸಿಯ ಅಂಕಿಗಳೇ. ಒಂದೂ ಜಜ್ಜಿರಲಿಲ್ಲ.

“ನೋಡಿ ಸರ್, ಇದೇ ನಿಮ್ಮ ಕಾರು” ಎಂದಳು ದೀಕ್ಷಿತಾ, ಬೆರಳು ಚೀಪುತ್ತಾ.

ಪರಿಹಾರವನ್ನೂ ಅವಳೇ ಹೇಳಿದಳು. ಗೂಡಿನ ಆರ್‌ಸಿ ರದ್ದಾಗಬೇಕು, ಮೇಷ್ಟ್ರ ಹಳೆ ನಂಬರ್ ಪ್ಲೇಟನ್ನು ಕಚೇರಿಗೆ ಒಪ್ಪಿಸಬೇಕು, ಮರಿ ಎದ್ದ ಮೇಲೆ ನಂಬರು ಇರುವ ತಗಡಿನ ತುಂಡನ್ನು ಕತ್ತರಿಸಿ ಕೊಡಬೇಕು. ಓಡುವ ಕಾರಿಗೆ ನಾಗರಾಜುವಿನ ನಂಬರನ್ನೇ ಹಾಕಿ, ಅವನ ಆರ್‌ಸಿಯಲ್ಲಿ ಇಂಜಿನ್ ಬದಲಾದದ್ದನ್ನು ದಾಖಲಿಸಿ, ನಂತರ ಅದನ್ನು ಮೇಷ್ಟ್ರ ಹೆಸರಿಗೆ ವರ್ಗಾಯಿಸಬೇಕು. ಅದಕ್ಕೆ ನಾಗರಾಜುವಿನ ಸಹಿ ಬೇಕು.

ನಾಗರಾಜು ತಾಯಿಯ ಮುಖ ನೋಡಿದ. ಕಾಳಮ್ಮ ಮೇಷ್ಟ್ರ ಮುಖ ನೋಡಿದಳು.

“ಅದೇನೋ ಮೆರವಣಿಗೆ ಐತಂತಲ್ಲ ಸ್ವಾಮಿ. ಮೆರವಣಿಗೆ ಆಗ್ಲಿ. ನಮ್ ಕಾರ್ನಾಗೆ ನಾವೂ ಬತ್ತೀವಿ. ಆಮೇಲೆ ಅವ್ನು ಸಹಿ ಹಾಕ್ತಾನೆ.”

“ಕಾರು ಬಿಡೋದು ನಾನು” ಎಂದರು ಮೇಷ್ಟ್ರು.

“ಬುಡಿ ಸ್ವಾಮಿ. ನಂಗೆ ಬುಡಾಕೆ ಬರಲ್ಲ” ಎಂದಳು ಕಾಳಮ್ಮ ಉದಾರವಾಗಿ.

ರಾಜ್ಯೋತ್ಸವದ ಬೆಳಗ್ಗೆ ಕಾರು ಸಾರಿಗೆ ಕಚೇರಿಯಿಂದ ಬಿಡುಗಡೆಯಾಗಿ, ನಾಗರಾಜುವಿನ ನಂಬರು ಮತ್ತು ಚಾಲ್ತಿಯಲ್ಲಿದ್ದ ಅವನ ಆರ್‌ಸಿಯೊಂದಿಗೆ ಮುಂದಿನ ಸಾಲಿನಲ್ಲಿ ನಿಂತಿತು, ಎರಡು ಎಸ್ಟೇಟ್ ಜೀಪುಗಳ ನಡುವೆ. ಕಾಳಮ್ಮ ರೇಷ್ಮೆ ಸೀರೆ ಉಟ್ಟು ಬಂದಿದ್ದಳು. ನರ್ಮದಾ ಮುಂದಿನ ಬಾಗಿಲು ತೆರೆದು ಹಿಡಿದಾಗ ಅವಳು ಒಂದು ಕ್ಷಣ ತಡೆದು ನಿಂತಳು.

“ನಮ್ ಯಜಮಾನ್ರು ಇದ್ದಾಗ ನಾನ್ಯಾವತ್ತೂ ಮುಂದೆ ಕೂತೇ ಇಲ್ಲ ಕಣವ್ವ. ಶುಂಠಿ ಮೂಟೆ ಜೊತೆ ಹಿಂದೇನೇ.”

“ಇವತ್ತು ಮೂಟೆ ನಾವೇ” ಎಂದು ನರ್ಮದಾ ನಾಗರಾಜುವಿನ ಜೊತೆ ಹಿಂದೆ ಹತ್ತಿದರು.

ಮೆರವಣಿಗೆ ವೇದಿಕೆಯ ಮುಂದೆ ಬಂದಾಗ ಮೈಕಿನಲ್ಲಿ ನಿರೂಪಕ ಕೂಗಿದ: “ಈಗ ಬರ್ತಾ ಇದೆ, ಆನೆ ತುಳಿದರೂ ಅಳುಕದ ಕಾರು. ಮಾಲೀಕರು ಕೃಷ್ಣಮೂರ್ತಿ ಮೇಷ್ಟ್ರು ಎರಡು ಮಾತಾಡಬೇಕು.” ಮೈಕು ಕಾರಿನ ಕಿಟಕಿಯ ಬಳಿಗೇ ಬಂತು. ಜನ ಚಪ್ಪಾಳೆ ತಟ್ಟುತ್ತಿದ್ದರು. ರಸ್ತೆಬದಿಯ ತಡೆಬೇಲಿಯ ಪಕ್ಕದಲ್ಲಿ ಶಾಲೆಯ ಮಕ್ಕಳಿದ್ದರು, ದಿಗಂತ್ ಕವನಾ ಇದ್ದರು, ಸಮವಸ್ತ್ರದಲ್ಲಿ ದೀಕ್ಷಿತಾ ಇದ್ದಳು.

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು.

“ಆನೆ ತುಳಿದ ಕಾರು ಇದಲ್ಲ. ಅದು ಅಳುಕಿತ್ತು. ಪೂರ್ತಿ ಅಳುಕಿತ್ತು. ಈಗ ಶಿರಂಗಾಲದಲ್ಲಿ ಕೋಳಿಗೂಡಾಗಿದೆ, ಹೋದ ವಾರ ಅದರಲ್ಲಿ ಒಂಬತ್ತು ಮರಿ ಎದ್ದಿವೆ. ಈ ಕಾರು ಈ ತಾಯಿಯವರದ್ದು. ಇಂಜಿನ್ ಮಾತ್ರ ನನ್ನದು. ನಾನು ಇವತ್ತು ಇವರ ಡ್ರೈವರ್.”

ಚಪ್ಪಾಳೆ ನಿಂತಿತು. ಏನು ಕೇಳಿಸಿಕೊಂಡೆವು ಎಂದು ಜನ ಒಬ್ಬರ ಮುಖ ಒಬ್ಬರು ನೋಡಿದರು. ಕಾಳಮ್ಮ ಅಷ್ಟರಲ್ಲಿ ಮೈಕನ್ನು ತನ್ನ ಕಡೆ ಎಳೆದುಕೊಂಡು, “ಡ್ರೈವರು ಒಳ್ಳೇವ್ರು. ಗುಂಡಿ ನೋಡ್ಕಂಡು ಓಡುಸ್ತಾರೆ” ಎಂದಳು. ಆಗ ಎದ್ದ ಚಪ್ಪಾಳೆ ಅಕ್ಕಪಕ್ಕದ ಜೀಪುಗಳಿಗೆ ಬಿದ್ದದ್ದಕ್ಕಿಂತ ಬಹಳ ಹೆಚ್ಚು. ಮೇಷ್ಟ್ರ ಎದೆ ಮುಂದೆ ಬಂತು. ಈ ಸಲ ಯಾರೂ ಅದನ್ನು ತಪ್ಪೆನ್ನಲಿಲ್ಲ.

ಮೆರವಣಿಗೆ ಮುಗಿಸಿ ಕಾಳಮ್ಮನನ್ನೂ ನಾಗರಾಜುವನ್ನೂ ಊರಿಗೆ ಬಿಡಲು ಹೊರಟರು. ಬೆಳಗಿನಿಂದ ಆಮೆ ನಡಿಗೆಯಲ್ಲಿ ಸಾಗಿ ಬಿಸಿಯಾಗಿದ್ದ ಕಾರು ಸುಂಟಿಕೊಪ್ಪದ ಏರಿನಲ್ಲಿ, ಬಸ್ಸು ನಿಲ್ಲುವ ಕಡೆಗೆ ಇನ್ನೂ ಸ್ವಲ್ಪ ದೂರ ಇರುವಾಗ, ಒಮ್ಮೆ ನಡುಗಿ ನಿಂತಿತು. ಮಾರಿ ವರ್ಕ್‌ಶಾಪಿನಿಂದ ಹೊರಗೆ ಬಂದು ನೋಡಿದ. ಹಿಂದಿನ ಸೀಟಿನಲ್ಲಿ ನರ್ಮದಾ ಇದ್ದದ್ದು ಕಂಡು, ಎಲ್ಲಿ ಬೈಸಿಕೊಳ್ಳಬೇಕಾಗುತ್ತದೋ ಎಂದು ಮೆಲ್ಲಗೆ ಒಳಗೆ ಹೋದ.

“ತಳ್ಳಬೇಕಾಗುತ್ತೆ ನಾಗರಾಜು” ಎಂದರು ಮೇಷ್ಟ್ರು. “ಕಾರು ನಿಮ್ದಲ್ವಾ?”

“ನಿಂತಿರೋದು ಇಂಜಿನ್ನು ಸ್ವಾಮಿ” ಎಂದ ನಾಗರಾಜು. “ಅದು ನಿಮ್ದು.”

“ಕಾನೂನಿನ ಪ್ರಕಾರ ಚಾಸಿ ನಂಬರೇ ಕಾರು. ಮೇಡಂ ಹೇಳಿದ್ದು ನೀವೂ ಕೇಳಿದ್ದೀರಿ.”

“ಚಾಸಿ ನಂಬರ್ ಎಲ್ಲಿ ನಿಂತೈತೆ? ಅದು ಬೇಕಾದ್ರೆ ಈಗ್ಲೂ ಹೊಂಟೈತೆ.”

ಹಿಂದೆ ಬಸ್ಸೊಂದು ಹಾರ್ನ್ ಹೊಡೆಯಿತು. ಕಿಟಕಿಗಳಲ್ಲಿ ತಲೆಗಳು ಮೂಡಿದವು.

“ಇಬ್ರೂ ಇಳೀರಿ” ಎಂದಳು ಕಾಳಮ್ಮ.

ಇಬ್ಬರೂ ಇಳಿದರು. ನರ್ಮದಾ ಸ್ಟೇರಿಂಗ್ ಹಿಡಿದರು. ಮೇಷ್ಟ್ರು ಎಡಗಡೆಯಿಂದ, ನಾಗರಾಜು ಬಲಗಡೆಯಿಂದ ಭುಜ ಕೊಟ್ಟು, ಯಾರ ಕಡೆ ಹೆಚ್ಚು ಸರಿಯಿತು ಎಂದು ಓರೆಗಣ್ಣಲ್ಲಿ ನೋಡಿಕೊಳ್ಳುತ್ತಾ ತಳ್ಳಿದರು. ಕಾರು ಸುಂಟಿಕೊಪ್ಪದ ಪೇಟೆಯ ನಡುವೆ ನಿಧಾನವಾಗಿ ಸಾಗಿತು. ಮುಂದಿನ ಸೀಟಿನಲ್ಲಿ ಕಾಳಮ್ಮ ನೆಟ್ಟಗೆ ಕೂತು, ಮೆರವಣಿಗೆ ಇನ್ನೂ ಮುಗಿದೇ ಇಲ್ಲವೆಂಬಂತೆ ಎರಡೂ ಬದಿಯ ಅಂಗಡಿಗಳವರಿಗೆ ಕೈಬೀಸುತ್ತಿದ್ದಳು. ಅಂಗಡಿಯವರೂ ಎದ್ದು ನಿಂತು ಕೈಬೀಸಿದರು.